60 ಮುಟ್ಟಿದ್ರೆ ಗುಂಯ್ ಅಂತಿದ್ದ ಕಾರು: ಸದ್ದು ಎಲ್ಲಿಂದ ಅಂತ ಹುಡುಕಿ ರಿಪೇರಿ ಮಾಡಿದ್ದು

ಮಡಿಕೇರಿಯಿಂದ ಮೈಸೂರಿಗೆ ವಾಪಸ್ ಬರ್ತಾ ಇದ್ವಿ. ಕುಶಾಲನಗರ ದಾಟಿದ್ಮೇಲೆ ಬೈಲಕುಪ್ಪೆ ಹತ್ರ ರಸ್ತೆ ಸ್ವಲ್ಪ ನೇರ ಆಗುತ್ತಲ್ಲ, ಅಲ್ಲಿ ಗಾಡಿ 60 ಮುಟ್ತಿದ್ದಂಗೆ ಪಕ್ಕದಲ್ಲಿ ಕೂತಿದ್ದ ಅಪ್ಪ ರೇಡಿಯೋ ಆಫ್ ಮಾಡಿ "ಏನೋ ಇದು, ಹಿಟ್ಟಿನ ಗಿರಣಿ ಪಕ್ಕ ನಿಂತಂಗೆ ಕೇಳಿಸ್ತಿದೆ" ಅಂದ್ರು. ನಾನೂ ಕಿವಿಗೊಟ್ಟು ಕೇಳ್ದೆ. ಹೌದು, ಗುಂಯ್ ಅಂತ ಒಂದು ಸದ್ದು, ಜೋರೇನಲ್ಲ, ಆದ್ರೆ ಒಂದ್ಸಲ ಕಿವಿಗೆ ಬಿದ್ರೆ ಆಮೇಲೆ ಬಿಡಲ್ಲ. 40ಕ್ಕೆ ಶುರುವಾಗುತ್ತೆ, 60-70ರಲ್ಲಿ ಚೆನ್ನಾಗಿ ಕೇಳಿಸುತ್ತೆ, 90 ದಾಟಿದ್ರೆ ಗಾಳಿ ಸದ್ದಲ್ಲಿ ಮುಚ್ಚೋಗುತ್ತೆ. ಹಿಂದೆ ಕೂತಿದ್ದ ಅಮ್ಮ "ನಂಗೆ ಡಿಕ್ಕಿ ಕಡೆಯಿಂದ ಬಂದಂಗಿದೆ ಕಣೋ" ಅಂದ್ರು. ಅಪ್ಪಂಗೆ ಕಾಲ ಕೆಳಗಿಂದ, ನಂಗೆ ಬಲಗಡೆ ಡೋರ್ ಕಡೆಯಿಂದ. ಒಂದೇ ಸದ್ದು, ಮೂರು ಜನಕ್ಕೆ ಮೂರು ಕಡೆ. ಕಾರಿನ ತಗಡಿನ ಬಾಡಿ ಅಂದ್ರೆ ವೀಣೆ ಬುರುಡೆ ಥರ, ಎಲ್ಲೋ ಮೀಟಿದ್ದು ಎಲ್ಲೋ ಮೊಳಗುತ್ತೆ, ಅದಕ್ಕೇ ಕಾರೊಳಗೆ ಕೂತು ಬರೀ ಕಿವಿ ನಂಬ್ಕೊಂಡು ಜಾಗ ಹೇಳೋಕಾಗಲ್ಲ.

ಗಾಡಿ 2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, 86 ಸಾವಿರ ಕಿಲೋಮೀಟರ್ ಓಡಿದೆ, ಮುಂದಿನ ಚಕ್ರಕ್ಕೆ ಡ್ರೈವ್, ಐದು ಗೇರ್ ಮ್ಯಾನುಯಲ್, ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂಗೆ ತಡೆಯೋ ವ್ಯವಸ್ಥೆ) ಇಲ್ಲ, ಟೈರ್ ಸೈಜ್ 165/80 ಆರ್14. ಈ ಸೈಜ್ ಆಮೇಲೆ ಲೆಕ್ಕಕ್ಕೆ ಬರುತ್ತೆ, ಅದಕ್ಕೇ ಹೇಳಿದ್ದು.

ಮೈಸೂರಿಗೆ ಬಂದು ಮಾರನೇ ದಿನ ಒಂದು ಗ್ಯಾರೇಜಿಗೆ ತಗೊಂಡೋದೆ. ಅವ್ರು ಒಂದು ರೌಂಡ್ ಓಡಿಸ್ಕೊಂಡು ಬಂದು "ಗೇರ್‌ಬಾಕ್ಸ್ ಬೇರಿಂಗ್ ಹೋಗಿದೆ ಸಾರ್, ಗೇರ್‌ಬಾಕ್ಸ್ ಇಳಿಸ್ಬೇಕು, ಇಳಿಸೋದು ಹೇಗೂ ಇಳಿಸ್ತೀವಿ, ಕ್ಲಚ್ ಪ್ಲೇಟೂ ಹಾಕಿಸ್ಬಿಡಿ" ಅಂದ್ರು. ಒಟ್ಟು ಹತ್ರ ಹತ್ರ 18 ಸಾವಿರ ಅಂದ್ರು. ಅವ್ರು ಹೇಳಿದ್ದು ಸುಳ್ಳು ಅಂತ ನಂಗೆ ಅನ್ನಿಸ್ಲಿಲ್ಲ, ಗೇರ್‌ಬಾಕ್ಸ್ ಬೇರಿಂಗ್ ಹೋದ್ರೂ ಇದೇ ಥರ ಗುಂಯ್ ಅನ್ನುತ್ತೆ (ಬೇರಿಂಗ್ ಅಂದ್ರೆ ಒಳಗೊಂದು ಹೊರಗೊಂದು ರಿಂಗ್, ನಡುವೆ ಉಕ್ಕಿನ ಗುಂಡು, ತಿರುಗೋದು ಸಲೀಸಾಗಿ ತಿರುಗ್ಲಿ ಅಂತ). ಆದ್ರೆ ಗಾಡಿನ ಜಾಕಿ ಮೇಲೆ ಎತ್ತಿರ್ಲಿಲ್ಲ, ಒಂದು ಚಕ್ರ ಕೈಲಿ ತಿರುಗಿಸಿ ನೋಡಿರ್ಲಿಲ್ಲ. 18 ಸಾವಿರದ ಕೆಲಸಕ್ಕೆ 10 ನಿಮಿಷದ ಪರೀಕ್ಷೆ ಸಾಲಲ್ಲ ಅಂತ ಅನ್ನಿಸ್ತು, ಯೋಚ್ನೆ ಮಾಡಿ ಹೇಳ್ತೀನಿ ಅಂತ ವಾಪಸ್ ತಂದೆ.

ಮನೇಲಿ ಒಂದು ನೋಟ್‌ಬುಕ್ ತಗೊಂಡು ಒಂದು ನಿಯಮ ಹಾಕ್ಕೊಂಡೆ. ಒಂದ್ಸಲಕ್ಕೆ ಒಂದೇ ಬದಲಾವಣೆ, ಅದೇ ರಸ್ತೆ, ಅದೇ ಸ್ಪೀಡು, ಆಮೇಲೆ ಸದ್ದು ಏನಾಯ್ತು ಅಂತ ಬರೆಯೋದು. ಎರಡು ಕೆಲಸ ಒಟ್ಟಿಗೆ ಮಾಡ್ಬಿಟ್ರೆ ಸದ್ದು ಹೋದ್ರೂ ಯಾವುದ್ರಿಂದ ಹೋಯ್ತು ಅಂತ ಗೊತ್ತಾಗಲ್ಲ, ಹೋಗ್ದಿದ್ರೆ ಅಂತೂ ಇನ್ನೂ ಕಷ್ಟ.

ಮೊದಲ್ನೇ ಭಾನುವಾರ ಬೆಳಿಗ್ಗೆ ಆರು ಗಂಟೆಗೆ ರಿಂಗ್ ರೋಡಿಗೆ ಹೋದೆ. ಆ ಹೊತ್ತಲ್ಲಿ ಟ್ರಾಫಿಕ್ ಕಮ್ಮಿ, ಒಂದೇ ಸ್ಪೀಡಲ್ಲಿ ಹೋಗ್ಬಹುದು. ತಮ್ಮನ್ನ ಪಕ್ಕ ಕೂರಿಸ್ಕೊಂಡಿದ್ದೆ, ಫೋನ್ ಹಿಡಿಯೋದು ಬರೆಯೋದು ಎಲ್ಲ ಅವನ ಕೆಲಸ, ಸ್ಟೇರಿಂಗ್ ಹಿಡಿದೋರು ಇದನ್ನ ಮಾಡೋಕೆ ಹೋಗ್ಬಾರ್ದು. 60ರಲ್ಲಿ ಮೂರನೇ ಗೇರ್, ನಾಲ್ಕನೇ ಗೇರ್, ಐದನೇ ಗೇರ್. ಇಂಜಿನ್ ಆರ್‌ಪಿಎಂ ಮೂರರಲ್ಲೂ ಬೇರೆ ಬೇರೆ, ಗುಂಯ್ ಮಾತ್ರ ಅದೇ ಶ್ರುತಿ. ಹಂಗಾದ್ರೆ ಇಂಜಿನ್, ಆಲ್ಟರ್ನೇಟರ್, ಫ್ಯಾನ್ ಬೆಲ್ಟು, ಇಂಜಿನ್ ಜೊತೆ ತಿರುಗೋದು ಏನೂ ಅಲ್ಲ. ಆಮೇಲೆ 70ರಲ್ಲಿ ನ್ಯೂಟ್ರಲ್‌ಗೆ ಹಾಕಿ ಗಾಡಿನ ಹಂಗೇ ಉರುಳೋಕೆ ಬಿಟ್ಟೆ. ಇದನ್ನ ಮಾಡೋವಾಗ ಕೀ ಮಾತ್ರ ಆಫ್ ಮಾಡ್ಬೇಡಿ, ಪವರ್ ಸ್ಟೇರಿಂಗ್ ಹೋಗುತ್ತೆ, ಒಂದೆರಡು ಸಲ ಒತ್ತಿದ್ಮೇಲೆ ಬ್ರೇಕ್ ಕಲ್ಲಾಗುತ್ತೆ, ಕೀ ಎಳೆದ್ರೆ ಸ್ಟೇರಿಂಗೇ ಲಾಕ್ ಆಗುತ್ತೆ. ನ್ಯೂಟ್ರಲ್‌ನಲ್ಲೂ ಸದ್ದು ಹಂಗೇ ಇತ್ತು, ಸ್ಪೀಡ್ ಇಳಿದಂಗೆ ಅದೂ ಇಳೀತು.

ಇಲ್ಲಿ ತುಂಬಾ ಜನ ಒಂದು ತಪ್ಪು ಮಾಡ್ತಾರೆ. ನ್ಯೂಟ್ರಲ್‌ನಲ್ಲೂ ಸದ್ದಿದೆ, ಅಂದ್ರೆ ಗೇರ್‌ಬಾಕ್ಸ್ ಅಲ್ಲ ಅಂತ ಬರೆದುಬಿಡ್ತಾರೆ. ನ್ಯೂಟ್ರಲ್‌ನಲ್ಲಿ ಇಂಜಿನ್‌ಗೂ ಚಕ್ರಕ್ಕೂ ಸಂಬಂಧ ತಪ್ಪುತ್ತೆ ನಿಜ, ಆದ್ರೆ ಗೇರ್‌ಬಾಕ್ಸ್ ಒಳಗಡೆ ಔಟ್‌ಪುಟ್ ಶಾಫ್ಟು, ಡಿಫರೆನ್ಷಿಯಲ್ಲು (ಎರಡೂ ಚಕ್ರಕ್ಕೆ ಶಕ್ತಿ ಹಂಚೋ ಗೇರುಗಳು) ಚಕ್ರದ ಜೊತೆ ತಿರುಗ್ತಾನೇ ಇರುತ್ತೆ. ಅದರ ಬೇರಿಂಗ್ ಹೋಗಿದ್ರೆ ನ್ಯೂಟ್ರಲ್‌ನಲ್ಲೂ ಗುಂಯ್ ಅನ್ನುತ್ತೆ. ಹಾಗಾಗಿ ಗ್ಯಾರೇಜ್‌ನವ್ರು ಹೇಳಿದ್ದು ಇನ್ನೂ ಲಿಸ್ಟಲ್ಲಿ ಉಳೀತು. ಲಿಸ್ಟಲ್ಲಿ ಮೂರು: ಟೈರು, ವೀಲ್ ಬೇರಿಂಗು, ಗೇರ್‌ಬಾಕ್ಸಿನ ಆ ಕೊನೆ ಭಾಗ.

ತಮ್ಮ ಫೋನಲ್ಲಿ ಒಂದು ಫ್ರೀ ಸ್ಪೆಕ್ಟ್ರಂ ಆ್ಯಪ್ ಹಾಕ್ಕೊಂಡಿದ್ದ, ಯಾವ ಫ್ರೀಕ್ವೆನ್ಸೀಲಿ ಸದ್ದು ಜಾಸ್ತಿ ಇದೆ ಅಂತ ಗ್ರಾಫ್ ತೋರ್ಸುತ್ತೆ. 60ರಲ್ಲಿ 90 ಹರ್ಟ್ಜ್ (ಅಂದ್ರೆ ಸೆಕೆಂಡಿಗೆ 90 ಸಲ) ಹತ್ರ ಒಂದು ಗೂಟ ನೆಟ್ಟಂಗೆ ಎದ್ದು ನಿಂತಿತ್ತು. 80ಕ್ಕೆ ಹೋದಾಗ ಅದೇ ಗೂಟ 120ರ ಹತ್ರ. 60ಕ್ಕೆ 90, 80ಕ್ಕೆ 120, ಎರಡೂ ಒಂದೇ ಅನುಪಾತ. ಈಗ ಟೈರ್ ಲೆಕ್ಕ: 165/80 ಆರ್14 ಟೈರಿನ ಸುತ್ತಳತೆ ಸುಮಾರು 1.95 ಮೀಟರ್, 60 ಕಿಲೋಮೀಟರ್ ಸ್ಪೀಡಂದ್ರೆ ಸೆಕೆಂಡಿಗೆ 16.7 ಮೀಟರ್, ಅಂದ್ರೆ ಚಕ್ರ ಸೆಕೆಂಡಿಗೆ ಎಂಟೂವರೆ ಸುತ್ತು. 90ನ್ನ ಎಂಟೂವರೆಯಿಂದ ಭಾಗಿಸಿದ್ರೆ ಒಂದು ಸುತ್ತಿಗೆ ಹತ್ತೂವರೆ ಸಲ ಏನೋ ಕುಟ್ತಿದೆ ಅಂತಾಯ್ತು. ವೀಲ್ ಬ್ಯಾಲೆನ್ಸಿಂಗ್ ತಪ್ಪಿದ್ರೆ ಸುತ್ತಿಗೆ ಒಂದ್ಸಲ, ಅದು ಕೈಗೆ ನಡುಕ ಕೊಡುತ್ತೆ, ಗುಂಯ್ ಅನ್ನಲ್ಲ. ಟೈರ್ ಅಲ್ಲಲ್ಲಿ ಹಳ್ಳ ಬಿದ್ದು ಸವೆದಿದ್ರೆ, ಆ ಹಳ್ಳ ಎಷ್ಟಿದೆಯೋ ಸುತ್ತಿಗೆ ಅಷ್ಟು ಸಲ, ಅದು ಹತ್ತಿರ್ಬಹುದು. ಬೇರಿಂಗ್ ಆದ್ರೆ ಗುಂಡು ಎಷ್ಟಿದೆ ಅನ್ನೋದ್ರ ಮೇಲೆ ಹೋಗುತ್ತೆ. ಆ ನಂಬರನ್ನ ಬರೆದಿಟ್ಟು ಸುತ್ತು ಹಾಕಿದೆ, ಬಿಚ್ಚಿದಾಗ ತಾಳೆ ನೋಡೋಣ ಅಂತ.

ಟೈರ್ ಪರೀಕ್ಷೆ ಅದೇ ದಿನ ಮಧ್ಯಾಹ್ನ. ಟೈರಿನ ಮೇಲ್ಮೈ ಮೇಲೆ ಅಂಗೈ ಒತ್ತಿ ಒಂದು ದಿಕ್ಕಿಗೆ ಸವರಬೇಕು, ಆಮೇಲೆ ಉಲ್ಟಾ ದಿಕ್ಕಿಗೆ. ಒಂದು ಕಡೆ ನುಣ್ಣಗಿದ್ದು ಇನ್ನೊಂದು ಕಡೆ ಗರಗಸದ ಹಲ್ಲಿನ ಥರ ಸಿಕ್ಕಾಕ್ಕೊಂಡ್ರೆ ಆ ಟೈರ್ ಸದ್ದು ಮಾಡುತ್ತೆ. ನಮ್ಮ ಹಿಂದಿನ ಎರಡೂ ಟೈರಲ್ಲಿ ಆ ಹಲ್ಲು ಸ್ವಲ್ಪ ಇತ್ತು, ನಿಜ ಹೇಳ್ಬೇಕಂದ್ರೆ ಇದೇ ಇರ್ಬೇಕು ಅಂತ ಆಸೆನೂ ಆಯ್ತು, ಅಮ್ಮ ಹೇಳಿದ್ದೂ ಹಿಂದಿಂದಾನೇ ತಾನೇ. ಮುಂದಿಂದು ಹಿಂದಕ್ಕೆ ಹಿಂದಿಂದು ಮುಂದಕ್ಕೆ, ಅದೇ ಸೈಡಲ್ಲಿ ಬದಲಾಯಿಸಿ ಮತ್ತೆ ಅದೇ ರಿಂಗ್ ರೋಡು. ಟೈರ್ ಸದ್ದಾಗಿದ್ರೆ ಜಾಗ ಬದಲಾಗ್ಬೇಕಿತ್ತು, ಶ್ರುತಿ ಬದಲಾಗ್ಬೇಕಿತ್ತು. ಏನೂ ಆಗ್ಲಿಲ್ಲ, ಗೂಟ 90ರಲ್ಲೇ. ಇನ್ನೊಂದು ವಿಷ್ಯ, ಟೈರ್ ಸದ್ದು ರಸ್ತೆ ನೋಡ್ಕೊಂಡು ಬದಲಾಗುತ್ತೆ, ಹೊಸ ಡಾಂಬರಲ್ಲಿ ಒಂಥರ, ಹಳೇ ಜಲ್ಲಿ ಎದ್ದಿರೋ ರಸ್ತೇಲಿ ಇನ್ನೊಂಥರ, ಕಾಂಕ್ರೀಟಲ್ಲಿ ಮತ್ತೊಂಥರ. ಇದು ಎಲ್ಲ ಕಡೆ ಒಂದೇ ಆಗಿತ್ತು. ಲಿಸ್ಟಲ್ಲಿ ಟೈರಿಗೆ ಗೀಟು ಹಾಕಿದೆ.

ಮುಂದಿನ ಭಾನುವಾರ ತಿರುವಿನ ಪರೀಕ್ಷೆ. ಇದು ಎಲ್ರಿಗೂ ಗೊತ್ತಿರ್ಬೇಕಾದ ಪರೀಕ್ಷೆ. ಗಾಡಿ ಎಡಕ್ಕೆ ತಿರುಗಿದ್ರೆ ಭಾರ ಬಲಗಡೆ ಚಕ್ರದ ಮೇಲೆ ಬೀಳುತ್ತೆ, ಬಲಕ್ಕೆ ತಿರುಗಿದ್ರೆ ಎಡಗಡೆ ಮೇಲೆ. ಹೋಗಿರೋ ಬೇರಿಂಗ್ ಮೇಲೆ ಭಾರ ಬಿದ್ದಾಗ ಸದ್ದು ಏರುತ್ತೆ, ಭಾರ ಹೋದಾಗ ಇಳಿಯುತ್ತೆ. ಉದ್ದನೆ ತಿರುವಿರೋ ಕಡೆ, ಹಿಂದೆ ಮುಂದೆ ಯಾರೂ ಇಲ್ಲ ಅಂತ ನೋಡ್ಕೊಂಡು 60ರಲ್ಲಿ ಹೋದೆ, ಸುಮ್ನೆ ಸ್ಟೇರಿಂಗ್ ಆಡಿಸ್ಕೊಂಡು ಹಾವಿನ ಥರ ಓಡ್ಸೋದು ಬೇಡ. ಎಡ ತಿರುವಲ್ಲಿ ಗುಂಯ್ ಅನ್ನೋದು ಗುರ್ರ್ ಅಂತ ದಪ್ಪ ಆಯ್ತು, ಬಲ ತಿರುವಲ್ಲಿ ಹತ್ರ ಹತ್ರ ನಿಂತೇ ಹೋಯ್ತು. ಆಗ ನೆನಪಾಯ್ತು, ಮಡಿಕೇರಿಯಿಂದ ಸುಂಟಿಕೊಪ್ಪ ಕಡೆ ಇಳಿಯೋವಾಗ ಒಂದೊಂದು ತಿರುವಲ್ಲಿ ಏನೋ ಗುರುಗುಟ್ಟಿದಂಗೆ ಆಗಿತ್ತು, ರಸ್ತೆ ಸರಿ ಇಲ್ಲ ಅಂತ ಬಿಟ್ಬಿಟ್ಟಿದ್ದೆ. ಹಾಗಾದ್ರೆ ಬಲಗಡೆ. ಆದ್ರೆ ಈ ಪರೀಕ್ಷೆ ಒಂದನ್ನೇ ನಂಬ್ಕೊಂಡು ಪಾರ್ಟ್ ತರಬೇಡಿ, ಈಗಿನ ಬೇರಿಂಗಲ್ಲಿ ಎರಡು ಸಾಲು ಗುಂಡು ಇರುತ್ತೆ, ಯಾವ ಸಾಲು ಹೋಗಿದೆ ಅನ್ನೋದ್ರ ಮೇಲೆ ಕೆಲವು ಸಲ ಉಲ್ಟಾನೂ ತೋರ್ಸುತ್ತೆ. ಅದೂ ಅಲ್ದೆ ಬಲಗಡೆ ಅಂದ್ರೆ ಮುಂದಿನದೋ ಹಿಂದಿನದೋ ಅಂತ ಇದು ಹೇಳಲ್ಲ.

ಗಾಡಿ ಎತ್ತೋ ಕೆಲಸಕ್ಕೆ ಬಂದೆ. ಇಲ್ಲಿ ಒಂದು ಮಾತು. ಗಾಡಿ ಜೊತೆ ಬರೋ ಜಾಕಿ ಸ್ಟೆಪ್ನಿ ಬದಲಾಯಿಸೋಕೆ ಮಾತ್ರ, ಅದರ ಮೇಲೆ ನಿಲ್ಲಿಸಿ ಕೆಳಗೆ ಕೈ ಹಾಕ್ಬಾರ್ದು. ಜಾಕ್ ಸ್ಟ್ಯಾಂಡ್ ಇಟ್ಟು, ಅದರ ಪಕ್ಕ ಸ್ಟೆಪ್ನಿನ ಬಾಡಿ ಅಡಿಗೆ ಮಲಗಿಸಿ, ಹಿಂದಿನ ಚಕ್ರಕ್ಕೆ ಎರಡೂ ಕಡೆ ಮರದ ತುಂಡು ಕೊಟ್ಟೆ. ಮನೆ ಕಟ್ಟಿ ಉಳಿದಿರೋ ಸಿಮೆಂಟ್ ಬ್ಲಾಕ್ ಇಡ್ತಾರೆ ಕೆಲವ್ರು, ದಯವಿಟ್ಟು ಇಡ್ಬೇಡಿ, ಅದು ಬಿರುಕು ಬಿಡ್ತೀನಿ ಅಂತ ಮೊದಲೇ ಹೇಳಲ್ಲ, ಒಂದೇ ಸಲಕ್ಕೆ ಪುಡಿ ಆಗುತ್ತೆ.

ಬಲಗಡೆ ಮುಂದಿನ ಚಕ್ರನ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸ್ದೆ, ಆಟ (ಸಡಿಲ) ಇಲ್ಲ. ಎಡ ಬಲ ಹಿಡಿದು ಅಲ್ಲಾಡಿಸ್ದೆ, ಅಲ್ಲೂ ಇಲ್ಲ. ಮೇಲೆ ಕೆಳಗೆ ಆಟ ಇದ್ರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್ (ಚಕ್ರನ ಸಸ್ಪೆನ್ಷನ್ ತೋಳಿಗೆ ಸೇರಿಸೋ ಕೀಲು), ಎಡ ಬಲ ಇದ್ರೆ ಟೈ ರಾಡ್ ಎಂಡ್ (ಸ್ಟೇರಿಂಗಿಂದ ಚಕ್ರ ತಿರುಗಿಸೋ ಕಂಬಿಯ ತುದಿ) ಕಡೆ ನೋಡ್ಬೇಕು. ಆಟ ಇಲ್ಲ ಅಂದ್ರೆ ಬೇರಿಂಗ್ ಚೆನ್ನಾಗಿದೆ ಅಂತಲ್ಲ, ಸದ್ದು ಶುರುವಾಗಿ ಎಷ್ಟೋ ದಿನ ಆದ್ಮೇಲೆ ಆಟ ಬರೋದು. ಕೈಲಿ ತಿರುಗಿಸ್ದೆ, ಸದ್ದೂ ಇಲ್ಲ. ಭಾರ ಇಲ್ದೆ ತಿರುಗ್ತಿರೋ ಚಕ್ರ ಹೆಂಗೆ ಗುಂಯ್ ಅನ್ನುತ್ತೆ. ಅಪ್ಪ ಕುರ್ಚಿ ಹಾಕ್ಕೊಂಡು ನೋಡ್ತಾ ಇದ್ರು, "ಕೈಯಿಟ್ಟು ನೋಡು, ಕಿವಿಗೆ ಕೇಳ್ದೇ ಇದ್ದಿದ್ದು ಬೆರಳಿಗೆ ಗೊತ್ತಾಗುತ್ತೆ" ಅಂದ್ರು, ಅವ್ರು ಪಂಪ್‌ಸೆಟ್ ಮೋಟ್ರು ಬೇರಿಂಗ್ ಹಂಗೇ ನೋಡ್ತಿದ್ದಿದ್ದು. ಸಸ್ಪೆನ್ಷನ್ ಸ್ಪ್ರಿಂಗ್ ಸುರುಳಿ ಮೇಲೆ ಎಡಗೈ ಬೆರಳು ಹಗುರವಾಗಿ ಇಟ್ಟು ಬಲಗೈಲಿ ಚಕ್ರ ತಿರುಗಿಸ್ದೆ. ಸ್ಪ್ರಿಂಗ್ ಉದ್ದಕ್ಕೂ ಸಣ್ಣ ಮರಳು ಅರೆದಂಗೆ ಜರ ಜರ ಅಂತ ಬೆರಳಿಗೆ ಬಂತು. ಗಾಡಿ ಇಳಿಸಿ ಎಡಗಡೆ ಎತ್ತಿ ಅದೇ ಥರ ಹಿಡಿದ್ರೆ ಬೆಣ್ಣೆ ಥರ ನುಣ್ಣಗೆ. ಹಿಂದಿನ ಎರಡೂ ನುಣ್ಣಗೆ. ಆಮೇಲೆ ಉದ್ದನೆ ಸ್ಕ್ರೂಡ್ರೈವರ್ ತುದಿ ನಕಲ್ (ಚಕ್ರದ ಬೇರಿಂಗ್ ಹಿಡಿದಿರೋ ದಪ್ಪ ಲೋಹದ ಭಾಗ) ಮೇಲೆ ಇಟ್ಟು ಹಿಡಿನ ಕಿವಿಗೆ ಒತ್ತಿ, ತಮ್ಮ ಮೆಲ್ಲಗೆ ಕೈಲೇ ತಿರುಗಿಸ್ತಿದ್ರೆ, ಬಲಗಡೆ ಮಾತ್ರ ಕರ ಕರ ಕೇಳಿಸ್ತು. ಇದನ್ನ ಇಂಜಿನ್ ಸ್ಟಾರ್ಟ್ ಮಾಡಿ ಚಕ್ರ ತಿರುಗಿಸಿ ಮಾಡ್ಬೇಡಿ, ಕೈಲಿ ತಿರುಗಿಸಿದ್ರೇ ಸಾಕು.

ಗೇರ್‌ಬಾಕ್ಸಿಗೂ ನ್ಯಾಯ ಕೊಡ್ಬೇಕಲ್ಲ. ಲೆವೆಲ್ ಪ್ಲಗ್ ಬಿಚ್ಚಿ ಕಿರುಬೆರಳಲ್ಲಿ ಆಯಿಲ್ ತೆಗೆದು ಬಿಳಿ ಕಾಗದದ ಮೇಲೆ ಸವರಿ ಬಿಸಿಲಲ್ಲಿ ಹಿಡಿದು ನೋಡ್ದೆ. ಬೇರಿಂಗ್ ಪುಡಿ ಆಗಿದ್ರೆ ಮಿಣಮಿಣ ಅಂತ ಲೋಹದ ಕಣ ಕಾಣುತ್ತೆ. ಏನೂ ಇರ್ಲಿಲ್ಲ, ಬರೀ ಕಂದು ಬಣ್ಣದ ಆಯಿಲ್, ಲೆವೆಲ್ಲೂ ಸರಿ ಇತ್ತು. ಅದೂ ಅಲ್ದೆ ಡಿಫರೆನ್ಷಿಯಲ್ ಸದ್ದಾಗಿದ್ರೆ ಆಕ್ಸಿಲರೇಟರ್ ಒತ್ತಿದಾಗ ಒಂಥರ, ಬಿಟ್ಟಾಗ ಒಂಥರ ಆಗ್ಬೇಕು, ತಿರುವಿಗೆ ಇಷ್ಟೊಂದು ಹೆಚ್ಚು ಕಮ್ಮಿ ಆಗಲ್ಲ. ಇದು ಉಲ್ಟಾ, ತಿರುವಿಗೆ ಬದಲಾಗುತ್ತೆ, ಆಕ್ಸಿಲರೇಟರ್‌ಗೆ ಕ್ಯಾರೇ ಅನ್ನಲ್ಲ. ಗೇರ್‌ಬಾಕ್ಸಿಗೆ ಗೀಟು. ಬಲಗಡೆ ಮುಂದಿನ ವೀಲ್ ಬೇರಿಂಗ್ ಅಂತ ದಪ್ಪಕ್ಷರದಲ್ಲಿ ಬರೆದೆ.

ಬಿಚ್ಚೋ ಕೆಲಸ ಹೇಳ್ತೀನಿ. ಚಕ್ರದ ಮಧ್ಯದಲ್ಲಿ ಡ್ರೈವ್ ಶಾಫ್ಟನ್ನ (ಗೇರ್‌ಬಾಕ್ಸಿಂದ ಚಕ್ರ ತಿರುಗಿಸೋ ಕಂಬಿ) ಬಿಗಿದಿರೋ ಆಕ್ಸಲ್ ನಟ್ ಮೊದಲು ಸಡಿಲ ಮಾಡ್ಬೇಕು, ಅದೂ ಚಕ್ರ ನೆಲದ ಮೇಲಿರೋವಾಗ, ಒಬ್ರು ಒಳಗೆ ಕೂತು ಬ್ರೇಕ್ ಒತ್ಕೊಂಡಿರೋವಾಗ. ಆ ನಟ್ಟಿನ ಅಂಚನ್ನ ಶಾಫ್ಟಲ್ಲಿರೋ ಕಚ್ಚಿಗೆ ಬಡಿದು ಕೂರ್ಸಿರ್ತಾರೆ, ಚಾಣದಲ್ಲಿ ಅದನ್ನ ಮೊದಲು ಎತ್ತಿ, ಆಮೇಲೆ ಸಾಕೆಟ್ಟಿಗೆ ಮಾರುದ್ದ ಪೈಪ್ ಹಾಕಿ ಎಳೆದ್ರೆ ಟಕ್ ಅಂತ ಬಂತು. ಆಮೇಲೆ ಗಾಡಿ ಎತ್ತಿ ಚಕ್ರ ತೆಗೆದು, ಕ್ಯಾಲಿಪರ್ (ಬ್ರೇಕ್ ಡಿಸ್ಕನ್ನ ಒತ್ತಿ ಹಿಡಿಯೋ ಭಾಗ) ಬಿಚ್ಚಿ ಸ್ಪ್ರಿಂಗಿಗೆ ತಂತಿ ಕಟ್ಟಿ ನೇತು ಹಾಕಿದೆ, ಬ್ರೇಕ್ ಪೈಪ್ ಮೇಲೆ ಅದರ ಭಾರ ಬೀಳ್ಬಾರ್ದು. ಡಿಸ್ಕ್ ತುಕ್ಕಲ್ಲಿ ಹಿಡ್ಕೊಂಡಿತ್ತು, ಸುತ್ತ ಮರದ ಸುತ್ತಿಗೇಲಿ ತಟ್ಟಿದ್ಮೇಲೆ ಬಿಡ್ತು. ಟೈ ರಾಡ್ ಎಂಡ್‌ನ ಸ್ಪ್ಲಿಟ್ ಪಿನ್ ತೆಗೆದು, ನಟ್ ಬಿಚ್ಚಿ, ನಕಲ್‌ನ ತೋಳಿನ ಪಕ್ಕಕ್ಕೆ ಎರಡೇಟು ಕೊಟ್ರೆ ಬರುತ್ತೆ, ಬೋಲ್ಟಿನ ತುದಿಗೆ ಹೊಡೀಬೇಡಿ, ಥ್ರೆಡ್ ಹಾಳಾಗುತ್ತೆ. ಲೋವರ್ ಆರ್ಮ್ ಬಾಲ್ ಜಾಯಿಂಟ್ ಬೋಲ್ಟು, ಆಮೇಲೆ ಸ್ಟ್ರಟ್‌ನ (ಸ್ಪ್ರಿಂಗ್ ಹೊತ್ತಿರೋ ಶಾಕ್ ಅಬ್ಸಾರ್ಬರ್) ಎರಡು ದಪ್ಪ ಬೋಲ್ಟು. ಆ ಎರಡು ಬೋಲ್ಟ್ ಬಿಚ್ಚೋ ಮೊದಲು ಬಿಳಿ ಪೇಂಟಲ್ಲಿ ಗುರುತು ಹಾಕಿದೆ, ವಾಪಸ್ ಅದೇ ಜಾಗಕ್ಕೆ ಕೂರ್ಲಿ ಅಂತ. ಡ್ರೈವ್ ಶಾಫ್ಟನ್ನ ಹಬ್ (ಚಕ್ರ ಬೋಲ್ಟ್ ಆಗೋ, ಬೇರಿಂಗ್ ಒಳಗೆ ತಿರುಗೋ ಭಾಗ) ಇಂದ ಒಳಗಡೆ ತಳ್ಳಿ ಬಿಡಿಸ್ಬೇಕು, ಹೊರಗೆ ಎಳೆದ್ರೆ ಗೇರ್‌ಬಾಕ್ಸ್ ಕಡೆ ಜಾಯಿಂಟ್ ಬಿಟ್ಟು ಆಯಿಲ್ ಸುರಿಯುತ್ತೆ, ಅದನ್ನೂ ತಂತಿ ಕಟ್ಟಿ ಮೇಲಿಟ್ಟೆ. ಇಷ್ಟಕ್ಕೆ ನಂಗೆ ಮೂರು ಗಂಟೆ ಹಿಡೀತು, ದಿನಾ ಮಾಡೋರು ಮುಕ್ಕಾಲು ಗಂಟೇಲಿ ಮುಗಿಸ್ತಾರೆ.

ನಕಲ್ ಕೈಲಿ ಹಿಡ್ಕೊಂಡು ಹಬ್ ತಿರುಗಿಸಿದ್ರೆ ಈಗ ಯಾವ ಪರೀಕ್ಷೇನೂ ಬೇಕಾಗಿರ್ಲಿಲ್ಲ, ಜಲ್ಲಿ ಚೀಲ ಅಲ್ಲಾಡಿಸ್ದಂಗಿತ್ತು. ಅದನ್ನ ಬಟ್ಟೇಲಿ ಸುತ್ಕೊಂಡು ಸ್ಕೂಟರಲ್ಲಿ ಇಟ್ಕೊಂಡು ಬನ್ನಿಮಂಟಪ ಕಡೆ ಒಂದು ಲೇತ್ ಶಾಪಿಗೆ ಹೋದೆ, ಬೇರಿಂಗ್ ತೆಗೆಯೋಕೆ ಹಾಕೋಕೆ ಹೈಡ್ರಾಲಿಕ್ ಪ್ರೆಸ್ ಬೇಕೇ ಬೇಕು. ಹೊಸ ಬೇರಿಂಗ್ ಬಿಲ್ ಸಮೇತ ತಗೊಂಡಿದ್ದೆ, 1,650 ರೂಪಾಯಿ, ಜೊತೆಗೆ ಹೊಸ ಸರ್ಕ್ಲಿಪ್ (ಬೇರಿಂಗ್ ಜಾರದಂಗೆ ತಡೆಯೋ ಸ್ಪ್ರಿಂಗ್ ರಿಂಗ್), ಹೊಸ ಆಕ್ಸಲ್ ನಟ್. ಆ ನಟ್ ಒಂದ್ಸಲ ಬಡಿದು ಕೂರಿಸಿದ್ದು, ಮತ್ತೆ ಅದನ್ನೇ ಹಾಕಬಾರ್ದು.

ಪ್ರೆಸ್ ಮಾಡೋ ಯಜಮಾನ್ರು ಹಬ್ಬನ್ನ ಹೊರಗೆ ತಳ್ಳಿದಾಗ ಬೇರಿಂಗಿನ ಒಳಗಿನ ರಿಂಗ್ ಅರ್ಧ ಹಬ್ ಜೊತೆಗೇ ಬಂತು. ಇದು ಯಾವಾಗ್ಲೂ ಆಗೋದೇ. ಅವ್ರು ಪುಲ್ಲರ್ ಕೂರ್ಸೋಕೆ ಜಾಗ ಸಿಗ್ದೆ ಗ್ರೈಂಡರಲ್ಲಿ ರಿಂಗಿಗೆ ಒಂದು ಗೀಟು ಎಳೆದ್ರು, ಪೂರ್ತಿ ಕೊಯ್ಯದೆ ಮುಕ್ಕಾಲು ಭಾಗ ಮಾತ್ರ, ಆಮೇಲೆ ಚಾಣ ಇಟ್ಟು ಒಂದೇಟು. ಟಿಣ್ ಅಂತ ಸೀಳ್ಕೊಂಡು ಬಿತ್ತು. ಹಬ್ ಮೇಲೆ ಗ್ರೈಂಡರ್ ಗೆರೆ ಒಂದೂ ಇರ್ಲಿಲ್ಲ. ಆ ಕೈ ನೋಡಿ ತುಂಬಾ ಗೌರವ ಬಂತು.

ಹೊಸದು ಕೂರ್ಸೋವಾಗ ಒಂದು ವಿಷ್ಯ ಗಮನಿಸ್ಲೇಬೇಕು. ನಕಲ್ ಒಳಗೆ ಬೇರಿಂಗ್ ಒತ್ತೋವಾಗ ಹೊರಗಿನ ರಿಂಗ್ ಮೇಲೆ ಮಾತ್ರ ಒತ್ತಡ ಬೀಳ್ಬೇಕು, ಹಬ್ಬನ್ನ ಬೇರಿಂಗ್ ಒಳಗೆ ಒತ್ತೋವಾಗ ಒಳಗಿನ ರಿಂಗಿಗೆ ಕೆಳಗಿಂದ ಆಸರೆ ಕೊಟ್ಟಿರ್ಬೇಕು. ಅದಲು ಬದಲಾದ್ರೆ ಟನ್‌ಗಟ್ಲೆ ಒತ್ತಡ ಗುಂಡುಗಳ ಮೂಲಕ ಹೋಗಿ ರಿಂಗ್ ಮೇಲೆ ಸಣ್ಣ ಸಣ್ಣ ಗುಳಿ ಬೀಳುತ್ತೆ, ಕಣ್ಣಿಗೆ ಕಾಣಲ್ಲ, ಆದ್ರೆ ಹೊಸ ಬೇರಿಂಗ್ ಮೊದಲ್ನೇ ದಿನಾನೇ ಗುಂಯ್ ಅನ್ನುತ್ತೆ, ಪಾರ್ಟ್ ಸರಿ ಇಲ್ಲ ಅಂತ ಅಂಗಡಿಯೋರ ಜೊತೆ ಜಗಳ ಆಗುತ್ತೆ. ಸುತ್ತಿಗೇಲಿ ಬಡಿದು ಕೂರ್ಸಿದ್ರೂ ಇದೇ ಗತಿ. ಎಬಿಎಸ್ ಇರೋ ಗಾಡಿ ಆದ್ರೆ ಇನ್ನೊಂದಿದೆ, ತುಂಬಾ ಬೇರಿಂಗಲ್ಲಿ ಒಂದು ಕಡೆ ಸೀಲಲ್ಲೇ ಮ್ಯಾಗ್ನೆಟ್ ರಿಂಗ್ ಇರುತ್ತೆ, ಅದು ಸೆನ್ಸರ್ ಕಡೆಗೆ ಬರ್ಬೇಕು. ಯಾವ ಕಡೆ ಅಂತ ಗೊತ್ತಾಗ್ದಿದ್ರೆ ಗುಂಡುಸೂಜಿ ಹಿಡಿದು ನೋಡಿ, ಮೆಲ್ಲಗೆ ಅಂಟಿಕೊಳ್ಳೋ ಕಡೆ ಅದು. ಉಲ್ಟಾ ಹಾಕಿದ್ರೆ ಎಬಿಎಸ್ ಲೈಟ್ ಹತ್ಕೊಂಡೇ ಇರುತ್ತೆ, ಸರಿ ಮಾಡ್ಬೇಕಂದ್ರೆ ಮತ್ತೆ ಎಲ್ಲ ಬಿಚ್ಚಿ ಇನ್ನೊಂದು ಬೇರಿಂಗ್ ಹಾಕ್ಬೇಕು.

ಪ್ರೆಸ್ ಕೆಲಸಕ್ಕೆ 400 ತಗೊಂಡ್ರು. ಹಳೇ ಬೇರಿಂಗ್ ತುಂಡು ಎಲ್ಲ ಕೊಡಿ ಅಂತ ಕೇಳಿ ಕವರಲ್ಲಿ ಹಾಕ್ಕೊಂಡು ಬಂದೆ.

ಆ ಸಂಜೆ ಜಗಲಿ ಮೇಲೆ ಪೇಪರ್ ಹಾಸಿ ಅದನ್ನ ಸೀಮೆಎಣ್ಣೇಲಿ ತೊಳೆದು ಹರಡಿ ಕೂತ್ವಿ. ಒಳಗಡೆ ಸಾಲಿನ ಗ್ರೀಸ್ ಜೇನಿನ ಬಣ್ಣ, ಚೆನ್ನಾಗೇ ಇತ್ತು. ಹೊರಗಡೆ ಸಾಲಿನ ಗ್ರೀಸ್ ಕೆಸರಿನ ಥರ, ಕೆಂಪು ಕಂದು, ತುಕ್ಕಿನ ವಾಸನೆ. ಅಪ್ಪ ಒಂದು ಗುಂಡು ಅಂಗೈಲಿ ಇಟ್ಕೊಂಡು ಟಾರ್ಚ್ ಬಿಟ್ಟು ನಿಧಾನಕ್ಕೆ ಉರುಳಿಸಿದ್ರು, ಅರ್ಧ ಸುತ್ತು ಕನ್ನಡಿ ಥರ, ಆಮೇಲೆ ಸೂಜಿ ಮೊನೇಲಿ ಚುಚ್ಚಿದಂಗೆ ಚುಕ್ಕೆ ಚುಕ್ಕೆ. ಹೊರಗಿನ ರಿಂಗ್ ಒಳಮೈಲಿ, ಗಾಡಿಗೆ ಹಾಕಿದಾಗ ಮೇಲ್ಭಾಗಕ್ಕೆ ಬರೋ ಜಾಗದಲ್ಲಿ, ಕಡಲೆಬೇಳೆ ಅಗಲಕ್ಕೆ ಚಕ್ಕೆ ಎದ್ದೋಗಿತ್ತು. ಉಗುರು ಆಡಿಸಿದ್ರೆ ಸಿಕ್ಕಾಕ್ಕೊಳ್ತಿತ್ತು. ಅದು ಮೇಲ್ಭಾಗದಲ್ಲೇ ಯಾಕೆ ಅಂದ್ರೆ, ಈ ಥರ ಹಬ್ಬಲ್ಲಿ ಒಳಗಿನ ರಿಂಗ್ ತಿರುಗುತ್ತೆ, ಹೊರಗಿನದು ನಕಲ್ ಒಳಗೆ ನಿಂತಲ್ಲೇ ನಿಂತಿರುತ್ತೆ, ಗಾಡಿ ಭಾರ ಮೇಲಿಂದ ಕೆಳಗೆ ಬರೋದು ಆ ಮೇಲ್ಭಾಗದ ಮೂಲಕಾನೇ. ಇಷ್ಟು ವರ್ಷ ಅದೇ ಒಂದು ಅಂಗುಲ ಜಾಗ ಆ ಮೂಲೆ ಭಾರನೆಲ್ಲ ಹೊತ್ತಿದೆ.

ಗುಂಡು ಎಣಿಸಿದ್ವಿ. ಒಂದು ಸಾಲಿಗೆ 13. ನೋಟ್‌ಬುಕ್ ತಂದೆ. ನಿಂತಿರೋ ಹೊರಗಿನ ರಿಂಗಲ್ಲಿ ಗಾಯ ಇದ್ರೆ ಚಕ್ರದ ಒಂದು ಸುತ್ತಿಗೆ ಎಷ್ಟು ಸಲ ಗುಂಡು ಅದನ್ನ ದಾಟುತ್ತೆ ಅನ್ನೋದಕ್ಕೆ ಒಂದು ಅಂದಾಜಿನ ಲೆಕ್ಕ ಇದೆ, ಗುಂಡಿನ ಸಂಖ್ಯೆನ 0.4ರಿಂದ ಗುಣಿಸೋದು. 13ಕ್ಕೆ 5.2. ಚಕ್ರ ಸೆಕೆಂಡಿಗೆ ಎಂಟೂವರೆ ಸುತ್ತು ಅಂದ್ರೆ 44 ಹರ್ಟ್ಜ್ ಚಿಲ್ಲರೆ, ಅದರ ಡಬಲ್ 89 ಹತ್ರ. ಫೋನಲ್ಲಿ ಕಂಡಿದ್ದು 90. ಇಂಥ ಹೊಡೆತ ಮೂಲ ಫ್ರೀಕ್ವೆನ್ಸಿ ಜೊತೆ ಅದರ ಎರಡರಷ್ಟು ಮೂರರಷ್ಟರಲ್ಲೂ ಸದ್ದು ಮಾಡುತ್ತೆ, ಫೋನ್ ಮೈಕಿಗೆ 44 ಸರಿಯಾಗಿ ಕೇಳಿಸ್ದೆ 89 ಚೆನ್ನಾಗಿ ಕೇಳಿಸಿದೆ ಅಂತ ನನ್ನ ಅಂದಾಜು. ಎರಡು ವಾರದ ಹಿಂದೆ ಸುತ್ತು ಹಾಕಿಟ್ಟಿದ್ದ ಹತ್ತೂವರೆ ಅನ್ನೋ ನಂಬರ್ ಪಕ್ಕ 10.4 ಅಂತ ಬರೆದಾಗ ಆದ ಖುಷಿ ಹೇಳೋಕಾಗಲ್ಲ.

ನೀರು ಹೆಂಗೆ ಒಳಗೆ ಹೋಯ್ತು ಅನ್ನೋದೂ ಹೆಚ್ಚು ಕಮ್ಮಿ ಗೊತ್ತಾಯ್ತು. ಹೋದ ಮಳೆಗಾಲದಲ್ಲಿ ನಾಪೋಕ್ಲು ಕಡೆ ಹೋಗಿದ್ವಿ, ಕಾವೇರಿ ತುಂಬಿ ಒಂದು ಕಡೆ ರಸ್ತೆ ಮೇಲೆ ನೀರಿತ್ತು, ಮುಂದೆ ಜೀಪ್ ಹೋಯ್ತು ಅಂತ ನಾನೂ ದಾಟಿಸ್ದೆ, ಚಕ್ರದ ಮಧ್ಯದ ತನಕ ನೀರು. ಅಷ್ಟೊತ್ತು ಘಾಟಲ್ಲಿ ಬ್ರೇಕ್ ಹಿಡ್ಕೊಂಡು ಇಳಿದು ಹಬ್ ಕಾದಿರುತ್ತೆ, ಕಾದಿರೋದು ತಣ್ಣೀರಿಗೆ ಬಿದ್ರೆ ಒಳಗಿನ ಗಾಳಿ ಕುಗ್ಗಿ ಸೀಲ್ ಸಂದೀಲಿ ನೀರು ಎಳ್ಕೊಳುತ್ತೆ. ಆಮೇಲೆ ಗ್ರೀಸ್ ಜೊತೆ ಸೇರಿ ತುಕ್ಕು ಹಿಡಿಯೋದು, ತುಕ್ಕು ಹಿಡಿದಲ್ಲಿ ಚಕ್ಕೆ ಏಳೋದು, ಎಲ್ಲ ನಿಧಾನಕ್ಕೆ. ಸದ್ದು ಶುರುವಾಗಿದ್ದು ಎಂಟು ತಿಂಗಳು ಬಿಟ್ಟು. ನೀರಲ್ಲಿ ಗಾಡಿ ಇಳಿಸೋ ಮೊದಲು ಸೈಲೆನ್ಸರ್, ಇಂಜಿನ್ ಬಗ್ಗೆ ಎಲ್ರೂ ಯೋಚ್ನೆ ಮಾಡ್ತಾರೆ, ಹಬ್ ಬಗ್ಗೆ ನಾನಂತೂ ಯೋಚ್ನೆ ಮಾಡಿರ್ಲಿಲ್ಲ.

ವಾಪಸ್ ಜೋಡಿಸೋದ್ರಲ್ಲಿ ವಿಶೇಷ ಇಲ್ಲ, ಬಿಚ್ಚಿದ್ದಕ್ಕೆ ಉಲ್ಟಾ. ಆಕ್ಸಲ್ ನಟ್ ಮಾತ್ರ ಅಂದಾಜಿಗೆ ಬಿಗೀಬೇಡಿ, ಈ ಬೇರಿಂಗಿನ ಎರಡು ಒಳ ರಿಂಗನ್ನ ಸರಿಯಾಗಿ ಒತ್ತಿ ಹಿಡಿಯೋದು ಆ ನಟ್ಟೇ. ನಮ್ಮ ಗಾಡಿ ಮ್ಯಾನುಯಲಲ್ಲಿ 175 ನ್ಯೂಟನ್ ಮೀಟರ್ ಅಂತಿತ್ತು, ಟಾರ್ಕ್ ರೆಂಚ್ ಬಾಡಿಗೆಗೆ ತಂದು ಬಿಗಿದೆ, ನಿಮ್ಮ ಗಾಡಿದು ಬೇರೆ ಇರುತ್ತೆ, ನೋಡ್ಕೊಳ್ಳಿ. ಬಿಗಿಯಾಗೋ ಮೊದಲು ಗಾಡಿ ಭಾರ ಆ ಚಕ್ರದ ಮೇಲೆ ಬಿಟ್ಟು ಉರುಳಿಸ್ಬಾರ್ದು.

ಸಂಜೆ ಓಡಿಸ್ದೆ. ಗುಂಯ್ ಇಲ್ಲ. ಆದ್ರೆ ನಮ್ಮ ರಸ್ತೇಲಿ ಕಾಂಪೌಂಡ್ ಪಕ್ಕ 15-20ರಲ್ಲಿ ಹೋಗೋವಾಗ ಚಿರ್… ಚಿರ್… ಚಿರ್ ಅಂತ ಹೊಸದೊಂದು, ಚಕ್ರದ ಸುತ್ತಿಗೆ ಒಂದ್ಸಲ. ಎದೆ ಧಸಕ್ ಅಂತು. ಮತ್ತೆ ಅದೇ ಕ್ರಮ: ಬ್ರೇಕ್ ಮೆಲ್ಲಗೆ ಒತ್ತಿದ್ರೆ ಬದಲಾಗುತ್ತಾ, ಇಲ್ಲ. ತಿರುವಿಗೆ ಬದಲಾಗುತ್ತಾ, ಸ್ವಲ್ಪ. ಸುತ್ತಿಗೆ ಒಂದ್ಸಲ ಅಂದ್ರೆ ಬೇರಿಂಗಲ್ಲ, ತಿರುಗೋದೊಂದು ನಿಂತಿರೋದನ್ನ ಒಂದು ಕಡೆ ತಾಗ್ತಿದೆ. ಚಕ್ರ ತೆಗೆದು ನೋಡಿದ್ರೆ ಡಿಸ್ಕ್ ಹಿಂದೆ ಇರೋ ಧೂಳಿನ ತಗಡು, ಪ್ರೆಸ್ ಶಾಪಿಗೆ ತಗೊಂಡೋಗಿ ಬರೋವಾಗ ಎಲ್ಲೋ ಬಗ್ಗಿ ಡಿಸ್ಕಿನ ಅಂಚಿಗೆ ತಾಗಿ ಹೊಳೆಯೋ ಗೆರೆ ಬಿದ್ದಿತ್ತು. ಹೆಬ್ಬೆರಳಲ್ಲಿ ಒತ್ತಿ ಹಿಂದಕ್ಕೆ ಬಗ್ಗಿಸ್ದೆ, ಹೋಯ್ತು. ಮಾರನೇ ದಿನ ವೀಲ್ ಅಲೈನ್‌ಮೆಂಟ್ ಮಾಡಿಸ್ದೆ, ಟೋ (ಮುಂದಿನ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರೋ ಅಳತೆ) ಸ್ವಲ್ಪ ಆಚೀಚೆ ಆಗಿತ್ತು, ಸರಿ ಮಾಡಿದ್ರು.

ಎರಡು ವಾರ ಬಿಟ್ಟು ಮತ್ತೆ ಮಡಿಕೇರಿಗೆ ಹೋಗಿ ಬಂದ್ವಿ. ಅಪ್ಪ ಬರ್ತಾ ಬೈಲಕುಪ್ಪೆ ಹತ್ರ ಮತ್ತೆ ರೇಡಿಯೋ ಆಫ್ ಮಾಡಿದ್ರು, ಪಿರಿಯಾಪಟ್ಟಣ ತನಕ ಹಂಗೇ ಕೇಳಿಸ್ಕೊಂಡು ಕೂತಿದ್ರು, ಆಮೇಲೆ ತಾವೇ ಆನ್ ಮಾಡಿದ್ರು. ಎಡಗಡೆ ಬೇರಿಂಗ್ ಕೂಡ ಅದೇ ನಾಪೋಕ್ಲು ನೀರಲ್ಲಿ ಇಳಿದು ಬಂದಿದ್ದೇ, ಅದಕ್ಕೇ ತಿಂಗಳಿಗೊಂದ್ಸಲ ಆ ಕಡೆ ಎತ್ತಿ ಸ್ಪ್ರಿಂಗ್ ಮೇಲೆ ಬೆರಳಿಟ್ಟು ತಿರುಗಿಸಿ ನೋಡಿ ನೋಟ್‌ಬುಕ್ಕಲ್ಲಿ ತಾರೀಖು ಹಾಕ್ತಿದೀನಿ. ಇವತ್ತಿಗೂ ನುಣ್ಣಗೇ ಇದೆ.